ನಂಬರಿನ ಕೈಗುಣ

ನನ್ನ ಫೋನ್ ನಂಬರು ನನ್ನದೇ ಎಂದು ಸಿಮ್ ಕೊಟ್ಟ ಅಂಗಡಿಯವನು ನಂಬಿದ್ದಾನೆ, ನನ್ನ ಅವ್ವನೂ ನಂಬಿದ್ದಾಳೆ. ನಮ್ಮೂರಿನವರು ಮಾತ್ರ ನಂಬಿಲ್ಲ. ಅವರ ಲೆಕ್ಕದಲ್ಲಿ ಅದು ಪಂಚಾಯ್ತಿ ಲೈಬ್ರರಿಯ ಆಸ್ತಿ. ಅಲ್ಲಿ ಕುರ್ಚಿ, ಬೀರು, ನೀರಿನ ಫಿಲ್ಟರು ಇದ್ದ ಹಾಗೆ ಅದೂ ಒಂದು. ನಾನು ಅದನ್ನು ಚಾರ್ಜ್ ಮಾಡಿಕೊಂಡು ಹೊತ್ತು ತಿರುಗುವವಳು, ಅಷ್ಟೆ.

ಕೊಡಿಗೇನಹಳ್ಳಿಯಲ್ಲಿ ಹಿಂದೂಪುರದ ಬಸ್ಸು ಹತ್ತಿದರೆ ಸ್ವಲ್ಪ ದೂರದಲ್ಲೇ ನಮ್ಮೂರು. ಪಂಚಾಯ್ತಿ ಆಫೀಸಿಗೆ ಅಂಟಿಕೊಂಡ ಒಂಟಿ ಕೋಣೆಯೇ ಲೈಬ್ರರಿ, ನಾನು ಅದರ ಮೇಲ್ವಿಚಾರಕಿ. ನಾನು ಸೇರಿದಾಗ ಅಲ್ಲಿ ಎರಡು ಬೀರು ಪುಸ್ತಕ, ಎರಡು ದಿನಪತ್ರಿಕೆ, ಬೇಕಾದಷ್ಟು ಜೇಡರಬಲೆ ಇದ್ದವು. ಓದಲು ಬರುವವರು ಕಡಿಮೆ. ಹಾಗಾಗಿ ನಾನೇ ಓದುತ್ತಿದ್ದೆ. ನಲವತ್ತು ದಾಟಿದ, ಮದುವೆಯಾಗದ, ಅವ್ವನ ಜೊತೆಗಿರುವ ಹೆಂಗಸಿಗೆ ಸರ್ಕಾರ ಪುಸ್ತಕ ಓದಲು ಜಾಗ ಕೊಟ್ಟು ಗೌರವಧನವನ್ನೂ ಕೊಡುತ್ತದೆ ಎಂದರೆ ಇನ್ನೇನು ಬೇಕು ಎಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೊಂದು ದೊಡ್ಡ ಟಿವಿ, ಇಂಟರ್‌ನೆಟ್ಟಿನ ವೈರು ಎಲ್ಲ ಬಂದವು. ಅದರ ಹಿಂದೆಯೇ ಊರೂ ಬಂತು.

ಮೊದಲು ಬಂದದ್ದು ಒಬ್ಬ ಅಜ್ಜಿ. ಆಯಸ್ಸೆಲ್ಲ ಕಡ್ಲೆಕಾಯಿ ಸುಲಿದು ಅವಳ ಬೆರಳ ತುದಿಗಳು ನುಣುಪಾಗಿದ್ದವು. ಎಲ್ಲಿ ಹೆಬ್ಬೆಟ್ಟು ಒತ್ತಿದರೂ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ಪಿಂಚಣಿ ನಿಂತುಹೋಗಿತ್ತು. ಬೆರಳು ಹತ್ತದಿದ್ದರೆ ಫೋನಿಗೆ ಓಟಿಪಿ ತರಿಸಿಕೊಂಡು ಅರ್ಜಿ ಹಾಕಬಹುದು, ಆದರೆ ಅವಳ ಬಳಿ ಫೋನೇ ಇರಲಿಲ್ಲ. ಪಾಪ ಅನ್ನಿಸಿ ನನ್ನ ನಂಬರು ಹಾಕಿದೆ. ಎಂಟೇ ದಿನಕ್ಕೆ ಪಿಂಚಣಿ ಬಂತು. ಅವಳ ಕಾಗದ ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಮೊದಲೇ ಮಂಜೂರಾಗಿ ಕೂತಿತ್ತು ಅನ್ನುವುದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಅರಳಿಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದಳು, "ಮೇಡಮ್ಮನ ನಂಬರ್ ಹಾಕ್ಸ್ರವ್ವ. ಅದ್ರ ಕೈಗುಣ ಚೆಂದಾಗೈತೆ."

ಕೈಗುಣ ಅನ್ನುವುದನ್ನು ನಮ್ಮ ಕಡೆ ಹಗುರವಾಗಿ ಆಡುವುದಿಲ್ಲ. ಮೊದಲ ಬಿತ್ತನೆ ಯಾರು ಮಾಡಬೇಕು, ಮಗುವಿಗೆ ಔಷಧಿ ಯಾರ ಕೈಲಿ ಹಾಕಿಸಬೇಕು, ಹೊಸ ಎಮ್ಮೆಯ ಹಾಲು ಮೊದಲು ಯಾರು ಕರೆಯಬೇಕು, ಇದಕ್ಕೆಲ್ಲ ಊರಿಗೆ ಒಬ್ಬೊಬ್ಬರು ಇರುತ್ತಾರೆ. ಫೋನ್ ನಂಬರಿಗೂ ಕೈಗುಣ ಬಂದದ್ದು ನಮ್ಮೂರಿನಲ್ಲೇ ಮೊದಲಿರಬೇಕು. ಫೋನ್ ಇಲ್ಲದವರಿರಲಿ, ಜೇಬಿನಲ್ಲಿ ಎರಡೆರಡು ಫೋನ್ ಇಟ್ಟುಕೊಂಡವರೂ ಬಂದು ನಿಮ್ಮ ನಂಬರೇ ಹಾಕಿ ಎಂದರು. ರೇಷನ್ ಕಾರ್ಡು, ಪಹಣಿ, ಮಕ್ಕಳ ವಿದ್ಯಾರ್ಥಿವೇತನ, ಆಸ್ಪತ್ರೆ ಕಾರ್ಡು, ಎಲ್ಲಕ್ಕೂ ನನ್ನದೇ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಅಲ್ಲಿಯವರೆಗೆ ನನ್ನಲ್ಲಿ ಯಾವ ಗುಣವಿದೆ ಎಂದೂ ಯಾರೂ ಹೇಳಿರಲಿಲ್ಲ.

ಖುಷಿ ಆರು ತಿಂಗಳು ಇದ್ದಿರಬಹುದು. ಆಮೇಲೆ ಫೋನು ಕುತ್ತಿಗೆಗೆ ಕಟ್ಟಿದ ಗುದ್ದಿಯಾಯಿತು. ತುಂಟ ದನಕ್ಕೆ ಓಡದ ಹಾಗೆ ಕಟ್ಟುತ್ತಾರಲ್ಲ, ಆ ಮರದ ತುಂಡು. ಆಫ್ ಮಾಡುವ ಹಾಗಿಲ್ಲ, ಸಿಗ್ನಲ್ ಇಲ್ಲದ ಕಡೆ ಹೋಗುವ ಹಾಗಿಲ್ಲ. ಮಧುಗಿರಿಯ ಯಾವುದೋ ಕಂಪ್ಯೂಟರ್ ಅಂಗಡಿಯಲ್ಲಿ ಕೂತವರು ಫೋನ್ ಮಾಡಿ, ಮೇಡಮ್ಮ ಈಗೊಂದು ನಂಬರ್ ಬಂತಲ್ಲ ಹೇಳಿ, ಅನ್ನುತ್ತಿದ್ದರು. ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು ಅದೇ ಮೆಸೇಜಿನಲ್ಲಿ ಬರೆದಿರುತ್ತದೆ. ನಾನು ಅದನ್ನು ಬಸ್ಸಿನಲ್ಲಿ ಕೂತು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದೆ. ಕೊರಟಗೆರೆಯಲ್ಲಿ ತಂಗಿಯ ಮಗಳ ಸೀಮಂತವಾದಾಗ ನಾನು ಅರ್ಧ ಹೊತ್ತು ತಾರಸಿಯ ಮೇಲಿದ್ದೆ. ಕೆಳಗೆ ಬಳೆ ತೊಡಿಸುತ್ತಿದ್ದರು, ಮೇಲೆ ನಾನು ಯಾರದೋ ಬೆಳೆ ವಿಮೆಗೆ ಆರು ಅಂಕಿ ಒಪ್ಪಿಸುತ್ತಿದ್ದೆ. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಅವ್ವನದೊಂದು ಹರಕೆಯಿತ್ತು. ಅಲ್ಲಿ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವ್ವ ವಾಪಸ್ ಬರುವ ಬಸ್ಸಿನಲ್ಲಿ ಪಾವಗಡ ಬರುವವರೆಗೂ ಬೈದಳು.

ಲೈಬ್ರರಿಯಲ್ಲಂತೂ ಉಸಿರಾಡಲು ಜಾಗವಿರಲಿಲ್ಲ. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಕಂಪ್ಯೂಟರಿಗೆ ಧೂಳು ಬೀಳುತ್ತದೆ ಎಂದು ಅದನ್ನೂ ಮುಚ್ಚಿ ಮೊಳೆ ಹೊಡೆಸಿದ್ದರು. ಬಾಗಿಲಲ್ಲಿ ಜನ. ಟೇಬಲ್ಲಿನ ಸುತ್ತ ಜನ. ತೆಲುಗು ಮನೆಮಾತಿನ ಮುದುಕಿಯರು ನನ್ನ ಫೋನು ಒಮ್ಮೆ ಗುಂಯ್ ಅಂದರೆ ಸಾಕು, ನಂಬರ್ ಒಚ್ಚಿಂದಾ, ಬಂತಾ ಎಂದು ಒಟ್ಟಿಗೇ ಕತ್ತೆತ್ತುತ್ತಿದ್ದರು. ಮೌಸ್ ಹಿಡಿಯುವುದು ಹೇಗೆ, ಪಾಸ್‌ವರ್ಡ್ ಇಡುವುದು ಹೇಗೆ ಎಂದು ಹೆಂಗಸರಿಗೆ ಕಲಿಸಬೇಕೆಂದು ನಾನು ಬುಧವಾರ ಒಂದು ಗಂಟೆ ಗೊತ್ತು ಮಾಡಿದೆ. ಬಂದರು, ಚೆನ್ನಾಗಿ ಕೂತರು, ಕಡೆಗೆ ಎದ್ದು, ಅದೆಲ್ಲ ನೀನೇ ಮಾಡ್ಕೊಡವ್ವ, ನಿನ್ ಕೈಲಾದ್ರೆ ಆಯ್ತದೆ ಎಂದು ಹೋದರು. ಬೀರುವಿನ ಪುಸ್ತಕಗಳನ್ನು ನಾನು ಮುಟ್ಟಿ ಎಷ್ಟೋ ತಿಂಗಳಾಗಿತ್ತು.

ಹೀಗಿರುವಾಗ ಶಿರಾದ ಸುದ್ದಿ ಬಂತು. ಅಲ್ಲಿ ಮಕ್ಕಳಿಗಾಗಿ ಒಂದು ಓದುವ ಮನೆ ಶುರುವಾಗುವುದಿತ್ತು. ಬರೀ ಪುಸ್ತಕ, ಕಂಪ್ಯೂಟರು ಇಲ್ಲ. ಮಕ್ಕಳಿಗೆ ಕತೆ ಓದಿ ಹೇಳಲು, ಪುಸ್ತಕ ನೋಡಿಕೊಳ್ಳಲು ನಮ್ಮಂಥ ಮೇಲ್ವಿಚಾರಕರಲ್ಲೇ ಒಬ್ಬರನ್ನು ಆರಿಸುತ್ತಾರಂತೆ. ನಾನು ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಅವ್ವನಿಗೆ ಮಾತ್ರ ಹೇಳಿದೆ. ಅವಳು ಶಿರಾದಲ್ಲಿ ಬಾಡಿಗೆ ಮನೆ ಎಷ್ಟಿರುತ್ತದೋ, ನೀರು ಹೇಗೋ ಎಂದು ಆಗಲೇ ಚಿಂತೆಗೆ ಕೂತಳು. ನಾನು ಮನಸ್ಸಿನಲ್ಲಿ ಆಗಲೇ ಗಂಟು ಕಟ್ಟಿಯಾಗಿತ್ತು. ರಾತ್ರಿ ಮಲಗುವಾಗ ಶಿರಾದ ಆ ಓದುವ ಮನೆಯ ಕಿಟಕಿಗಳನ್ನು ಎಣಿಸುತ್ತಿದ್ದೆ, ನೋಡಿಯೇ ಇರಲಿಲ್ಲ ಬಿಡಿ. ಒಂದು ಸಂಜೆ ಮೆಸೇಜು ಬಂತು. ನಾನು ಆಯ್ಕೆಯಾಗಿದ್ದೆ. ಮರುದಿನ ಸಂಜೆ ಐದರೊಳಗೆ ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಡಬೇಕು, ಸಹಿ ಮಾಡಿದ ಕಾಗದ ಸ್ಕ್ಯಾನ್ ಮಾಡಿ ಹಾಕಬೇಕು. ಕೊಡದಿದ್ದರೆ ಮುಂದಿನವರಿಗೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ಬೇಗ ಬಾಗಿಲು ತೆಗೆದೆ. ನೀರಿನ ಪೈಪಿಗೆಂದು ರಸ್ತೆ ಅಗೆಯುತ್ತಿದ್ದ ಜೆಸಿಬಿ ಆ ಹೊತ್ತಿಗಾಗಲೇ ಇಂಟರ್‌ನೆಟ್ಟಿನ ವೈರನ್ನು ಕಿತ್ತು ಹಾಕಿತ್ತು. ಫೋನಿನಲ್ಲಿ ಪ್ರಯತ್ನಿಸಿದೆ. ನಮ್ಮೂರಿಗೆ ಸಿಗ್ನಲ್ ಬರುವುದು ಅರ್ಧ ನಮ್ಮ ಟವರಿನಿಂದ, ಅರ್ಧ ಆಂಧ್ರದ ಟವರಿನಿಂದ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಮಧುಗಿರಿಗೆ ಹೋಗಿಬಿಡೋಣ ಎಂದು ಬ್ಯಾಗು ತೆಗೆದುಕೊಂಡೆ. ಆದರೆ ಅವತ್ತು ವಿದ್ಯಾರ್ಥಿವೇತನಕ್ಕೂ ಕೊನೆಯ ದಿನ. ವೈರು ಮಧ್ಯಾಹ್ನಕ್ಕೆ ಸರಿಯಾಗುತ್ತದಂತೆ ಎಂದು ಜನ ಆಗಲೇ ಬಾಗಿಲಲ್ಲಿ ಕೂತಿದ್ದರು. ಅವರನ್ನು ದಾಟಿ ಬಸ್ ಸ್ಟ್ಯಾಂಡಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನೆಟ್ಟು ಬಂದಾಗ ಮೂರು ಗಂಟೆ. ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರದೂ ಒಂದೇ ನಂಬರು, ನನ್ನದು. ಮೊದಲು ಇವರದು ಮುಗಿಸಿ ಕಳಿಸಿದರೆ ಕೋಣೆ ಖಾಲಿಯಾಗುತ್ತದೆ, ಆಮೇಲೆ ಗುಟ್ಟಾಗಿ ನನ್ನದು ಮಾಡಿಕೊಳ್ಳುತ್ತೇನೆ ಎಂದುಕೊಂಡೆ. ಒಂದಾದ ಮೇಲೊಂದು ಓಟಿಪಿ ಬಂತು, ಒಂದಾದ ಮೇಲೊಂದು ಅರ್ಜಿ ಹೋಯಿತು. ನಾಲ್ಕೂವರೆಗೆ ಕೋಣೆಯಲ್ಲಿ ನಾನು ಮತ್ತು ಒಂದು ಹುಡುಗಿ ಮಾತ್ರ ಉಳಿದೆವು.

ಆ ಹುಡುಗಿಯ ವಿಷಯ ಹೇಳಬೇಕು. ಮೇಲಿನ ಬೀದಿಯವಳು, ಮಧುಗಿರಿಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಮುಗಿಸಿದವಳು. ಅವಳಪ್ಪ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ, ಮಾತಿಗಿಂತ ಕಣ್ಣಲ್ಲೇ ಮನೆ ನಡೆಸುವ ಮನುಷ್ಯ. ಮಗಳು ನರ್ಸಿಂಗ್ ಓದುತ್ತೇನೆ ಎಂದಾಗ ಪಂಚಾಯ್ತಿ ಕಟ್ಟೆಯಲ್ಲಿ ನಾಲ್ಕು ಜನರೆದುರು, ಸರ್ಕಾರಿ ಸೀಟು ಸಿಕ್ಕಿದರೆ ಕಳಿಸ್ತೀನಿ ಎಂದುಬಿಟ್ಟಿದ್ದ. ಸಿಕ್ಕುವುದಿಲ್ಲ ಎಂಬ ಧೈರ್ಯ ಅವನದು. ಮನೆಯಲ್ಲಿದ್ದ ಒಂದೇ ಫೋನು ಅವನ ಜೇಬಿನಲ್ಲಿ. ಸೀಟಿನ ಮೆಸೇಜು ಅಲ್ಲಿಗೆ ಹೋದರೆ ತಾರೀಕು ಮುಗಿಯುವವರೆಗೆ ಅದು ಜೇಬಿನಿಂದ ಹೊರಗೆ ಬರುವುದಿಲ್ಲ ಅನ್ನುವುದು ಮಗಳಿಗೆ ಗೊತ್ತಿತ್ತು. ಅದಕ್ಕೇ ಅವಳೂ ನನ್ನ ನಂಬರು ಹಾಕಿದ್ದಳು. ಈಗ ತುಮಕೂರಿನಲ್ಲಿ ಸೀಟು ಸಿಕ್ಕಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೂ ಅವತ್ತು ಐದು ಗಂಟೆಯೇ ಕೊನೆ. ಎಲ್ಲರನ್ನೂ ಮುಂದೆ ಬಿಟ್ಟು ಅವಳು ಮೂಲೆಯಲ್ಲಿ ಕೂತಿದ್ದಳು. ಬೇರೆಯವರಿಗೆ ಗೊತ್ತಾಗಬಾರದೆಂದು ಅವಳೂ ಕೋಣೆ ಖಾಲಿಯಾಗುವುದನ್ನೇ ಕಾಯುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಅವಳು ಒಂದು ಕಂಪ್ಯೂಟರಿನ ಮುಂದೆ ಕೂತಳು, ನಾನು ಇನ್ನೊಂದರ ಮುಂದೆ. ನನ್ನ ಪರದೆ ಅವಳಿಗೆ ಕಾಣದ ಹಾಗೆ ತಿರುಗಿಸಿಕೊಂಡೆ. ಲಾಗಿನ್ ಒತ್ತಿದರೆ ಕೆಂಪು ಅಕ್ಷರ ಬಂತು. ಎಲ್ಲ ಅರ್ಜಿಗಳಿಗೂ ಒಳಗೆ ಹೋಗುವ ಬಾಗಿಲು ಒಂದೇ. ಆ ಬಾಗಿಲಿಗೆ ಒಂದು ನಿಯಮ, ಒಂದು ಫೋನ್ ನಂಬರಿಗೆ ಒಂದು ದಿನಕ್ಕೆ ಇಷ್ಟೇ ಓಟಿಪಿ ಎಂದು. ಅವತ್ತಿನ ಲೆಕ್ಕದಲ್ಲಿ ಈ ನಂಬರಿಗೆ ಉಳಿದಿರುವುದು ಇನ್ನು ಒಂದೇ, ಆಮೇಲೆ ನಾಳೆ ಎಂದು ಅದು ಹೇಳುತ್ತಿತ್ತು. ನಾನು ಎರಡು ಸಲ ಓದಿದೆ. ಎರಡು ವರ್ಷದಿಂದ ಊರಿಗೆಲ್ಲ ಹಂಚಿದ ನಂಬರು ನನಗೆ ಬೇಕಾದ ಹೊತ್ತಿಗೆ ತಳ ಕಂಡಿತ್ತು. ನಂಬರು ಬದಲಿಸೋಣವೆಂದರೆ ಅದಕ್ಕೂ ಹಳೇ ನಂಬರಿಗೊಂದು ಓಟಿಪಿ ಬರಬೇಕು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಹುಡುಗಿಯ ಕಡೆ ತಿರುಗಿ, ಸರ್ವರ್ ಹೋಗಿಬಿಟ್ಟಿದೆ, ಇವತ್ತಾಗಲ್ಲ, ನಾಳೆ ಬಾ ಎಂದೆ. ನನ್ನ ದನಿ ನನಗೇ ಸಹಜವಾಗಿ ಕೇಳಿಸಿತು. ನಾಳೆ ಬಂದರೆ ಏನೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಅತ್ತರೆ ಹೇಗೆ ಸಮಾಧಾನ ಮಾಡುವುದು, ಜಗಳ ತೆಗೆದರೆ ಏನನ್ನುವುದು ಎಂದು ಮನಸ್ಸಿನಲ್ಲಿ ಸಿದ್ಧವಾಗುತ್ತಿದ್ದೆ. ಜಗಳ ತೆಗೆದಿದ್ದರೆ ಖಂಡಿತ ನಾನೇ ಗೆಲ್ಲುತ್ತಿದ್ದೆ.

ಅವಳು ಎರಡೂ ಮಾಡಲಿಲ್ಲ. ಪರದೆಯನ್ನು ಒಂದು ಗಳಿಗೆ ನೋಡಿದಳು. ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಬಾಯಿ ನೀಟಾಗಿ ಮಡಿಸಿದಳು. ಕುರ್ಚಿಯನ್ನು ಟೇಬಲ್ಲಿನ ಕೆಳಗೆ ತಳ್ಳಿದಳು.

"ಆಯ್ತು ಬುಡಿ ಅಕ್ಕ," ಅಂದಳು. "ನೀವಾದ್ರೂ ಏನ್ ಮಾಡೀರ."

ಬೇಡ ಅನ್ನಿಸಿಕೊಳ್ಳುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಇದೂ ಹೊಸದು ಅನ್ನಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ನನ್ನ ಮೇಲೋ ಅವಳ ಮೇಲೋ ಗೊತ್ತಿಲ್ಲ. ಅವಳು ಹೊಸ್ತಿಲು ದಾಟಿದ ಮೇಲೆ ಕರೆದೆ. ಸ್ವಲ್ಪ ಗದರಿಯೇ ಕರೆದೆ. ಸರ್ವರ್ ಬಂತು, ಕೂತ್ಕೋ ಎಂದೆ. ನನ್ನ ಪುಟ ಮುಚ್ಚಿ ಅವಳದಕ್ಕೆ ಓಟಿಪಿ ತರಿಸಿದೆ. ಫೋನು ಗುಂಯ್ ಅಂದಿತು. ಆರು ಅಂಕಿ ಓದಿ ಹೇಳಿದೆ, ಅವಳು ಒಂದೊಂದೇ ಒತ್ತಿದಳು. ಸೀಟು ಅವಳದಾಯಿತು. ಪ್ರಿಂಟು ತೆಗೆದುಕೊಟ್ಟು ಕಳಿಸಿದೆ. ಐದು ಹೊಡೆದ ಮೇಲೂ ನಾನು ಬಾಗಿಲು ಹಾಕದೆ ಆ ಮುಚ್ಚಿದ ಕಿಟಕಿಯ ಕಡೆ ನೋಡುತ್ತಾ ಕೂತಿದ್ದೆ. ನಾನು ಮಾಡಿದ್ದು ಒಳ್ಳೆಯದು ಎಂದು ಒಂದು ಸಲವೂ ಅನ್ನಿಸಲಿಲ್ಲ. ಅನ್ನಿಸಿದ್ದು ಹೊಟ್ಟೆಯುರಿ. ಅವಳು ಹೋಗುತ್ತಾಳೆ, ನಾನು ಇಲ್ಲೇ.

ಗುಟ್ಟು ಉಳಿಯಲಿಲ್ಲ. ಸಹಿ ಮಾಡಲೆಂದು ನಾನು ಪ್ರಿಂಟು ತೆಗೆದಿದ್ದ ಶಿರಾದ ಕಾಗದ ಪ್ರಿಂಟರಿನ ಮೇಲೇ ಉಳಿದಿತ್ತು. ಬೆಳಿಗ್ಗೆ ಪೇಪರ್ ಓದಲು ಬರುವ ಗಿರಣಿಯ ಯಜಮಾನರು ಅದನ್ನೂ ಪೇಪರಿನಂತೆಯೇ ಓದಿದರು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ತಿಳಿಯಿತು. ನಾನು ಸಿದ್ಧಳಾಗಿದ್ದೆ. ನಮ್ಮನ್ನ ಬಿಟ್ಟು ಹೋಗ್ತಿದ್ಯಾ ಅನ್ನುತ್ತಾರೆ, ಇಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಗಿರಣಿಯ ಯಜಮಾನರು ಕನ್ನಡಕ ಒರೆಸುತ್ತಾ, ಊರಿನ ಪರವಾಗಿ ಮಾತಾಡುವವರಂತೆ ಹೇಳಿದರು.

"ಹೋಗದಾದ್ರೆ ಹೋಗಮ್ಮ, ಯಾರ್ ಬ್ಯಾಡ ಅಂದೋರು. ನಂಬರ್ ಮಾತ್ರ ಇಲ್ಲೇ ಬುಟ್ಟೋಗು."

ಅಲ್ಲಿದ್ದವರು ತಲೆಯಾಡಿಸಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನಗು ಬಂದದ್ದು ನನಗೊಬ್ಬಳಿಗೇ, ಅದೂ ಕೆಟ್ಟ ನಗು. ಅವತ್ತೇ ನಿರ್ಧಾರ ಮಾಡಿದೆ. ಬಾಗಿಲಿಗೆ ಚೀಟಿ ಅಂಟಿಸಿದೆ. ಅವರವರ ಅರ್ಜಿಗೆ ಅವರವರದೇ ನಂಬರು, ಹಳೆಯದನ್ನೆಲ್ಲ ಬದಲಿಸಿಕೊಡುತ್ತೇನೆ, ಮನೆಯಿಂದ ಫೋನು ತನ್ನಿ ಎಂದು. ಜನ ಗೊಣಗಿದರು. ಮೇಡಮ್ಮನಿಗೆ ಸೊಕ್ಕು ಬಂದಿದೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಎಂದೂ ಅಂದರು, ಕಿವಿಗೆ ಬೀಳಲಿ ಎಂದೇ. ನಾನು ದಿನಕ್ಕೆ ಎರಡು ಮೂರು ಹೆಸರಿನಂತೆ ಬಿಡಿಸುತ್ತಾ ಬಂದೆ. ಒಂದೊಂದನ್ನು ಬಿಡಿಸಿದಾಗಲೂ ಎದೆಯ ಮೇಲಿನ ಭಾರ ಒಂದು ಚೂರು ಇಳಿಯುತ್ತಿತ್ತು. ಶಿರಾ ಹೋಯಿತು, ಹೋಗಲಿ. ಇನ್ನೊಂದು ಬರುತ್ತದೆ, ಬಂದಾಗ ನಾನು ಖಾಲಿ ಕೈಯಲ್ಲಿರಬೇಕು.

ಕಾಲೇಜಿಗೆ ಹೊರಡುವ ಹಿಂದಿನ ದಿನ ಆ ಹುಡುಗಿ ಹೇಳಿ ಹೋಗಲು ಬಂದಳು. ನಾಲ್ಕು ಜನರೆದುರು ಆಡಿದ ಮಾತಿಗೆ ಸಿಕ್ಕಿಕೊಂಡ ಅವಳಪ್ಪ ಬಾಯಿ ಮುಚ್ಚಿ ಒಪ್ಪಿದ್ದ. ಸೋದರಮಾವ ಒಂದು ಫೋನು ಕೊಡಿಸಿದ್ದರು. ಒಳ್ಳೆಯದಾಯಿತು, ನಿನ್ನ ನಂಬರೂ ಬದಲಿಸೋಣ ಎಂದು ಕಂಪ್ಯೂಟರ್ ಹಾಕಿದೆ. ಅವಳು ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತಳು. ಅವಳದು ಬದಲಿಸಬಹುದಂತೆ, ಆದರೆ ಕಾಲೇಜಿನವರು ಪೋಷಕರ ನಂಬರು ಎಂದು ಬೇರೊಂದು ಕೇಳುತ್ತಾರಂತೆ. ಅಲ್ಲಿ ನನ್ನದು ಬರೆದಿದ್ದಾಳಂತೆ. ಕೇಳದೆಯೇ ಬರೆದಿದ್ದಳು.

"ಅಪ್ಪನ್ದು ಕೊಟ್ರೆ ಒಂದಿನ ರಜ ಹಾಕಿದ್ರೂ ಬಂದು ಕರ್ಕಂಡ್ ಹೋಗ್ಬುಡ್ತಾನೆ ಅಕ್ಕ. ಅದ್ಕೇ ಕಾಯ್ತಾವ್ನೆ."

ಎಷ್ಟು ವರ್ಷದ ಓದು ಎಂದು ಕೇಳಿದೆ. ನಾಲ್ಕು ಎಂದಳು. ಆಗಲ್ಲ ಅನ್ನುವ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಇಷ್ಟು ದಿನ ಊರಿಗೆಲ್ಲ ಹೇಳಿ ಹೇಳಿ ರೂಢಿಯಾಗಿತ್ತು. ಆಯ್ತು ಹೋಗು, ಚೆನ್ನಾಗಿ ಓದು ಎಂದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಲೈಬ್ರರಿಯ ಕಸ ಗುಡಿಸುತ್ತಿದ್ದಾಗ ಮೆಸೇಜು ಬಂತು. ಪ್ರಿಯ ಪೋಷಕರೇ, ನಿಮ್ಮ ಮಗಳು ಇಂದು ತರಗತಿಗೆ ಹಾಜರಾಗಿಲ್ಲ. ಪೊರಕೆ ಹಿಡಿದುಕೊಂಡೇ ಓದಿದೆ. ನಿಮ್ಮ ಮಗಳು ಎಂದು ನನಗೆ ಯಾರೂ ಬರೆದಿರಲಿಲ್ಲ. ಒಂದು ಕ್ಷಣ ಎದೆ ತುಂಬಿತು, ಮರುಕ್ಷಣವೇ ಭಯವಾಯಿತು. ಎಲ್ಲಿ ಹೋದಳು, ಯಾರ ಜೊತೆ, ಏನಾದರೂ ಆದರೆ ನಾಳೆ ಅವಳಪ್ಪ ಬಂದು ನನ್ನ ಮುಂದೆ ನಿಲ್ಲುತ್ತಾನೆ. ಕೂಡಲೇ ಫೋನ್ ಮಾಡಿದೆ. ಹೇಗಿದ್ದೀಯ ಎಂದು ಕೇಳಲಿಲ್ಲ. ಎಲ್ಲಿದ್ದೀಯ ಎಂದು ಕೇಳಿದೆ.

"ಜ್ವರ ಅಕ್ಕ. ಹಾಸ್ಟೆಲ್‌ನಾಗೆ ಮಲಗಿವ್ನಿ. ಅಪ್ಪಂಗೆ ಹೇಳ್ಬ್ಯಾಡಿ."

"ಹೇಳಲ್ಲ," ಎಂದೆ. "ನೀನು ರೂಮಲ್ಲಿರೋದು ಒಂದು ಫೋಟೋ ತೆಗ್ದು ಕಳ್ಸು."

ಆ ಮಾತು ನನ್ನ ಬಾಯಿಂದ ಬಂದಿತು. ಅವಳು ಏಕೆ ಎಂದು ಕೇಳಲಿಲ್ಲ. ಆಯ್ತು ಅಕ್ಕ ಎಂದಳು, ಅವತ್ತು ಕುರ್ಚಿ ತಳ್ಳಿ ಆಯ್ತು ಬುಡಿ ಅಂದಿದ್ದ ಅದೇ ದನಿಯಲ್ಲಿ. ಫೋಟೋ ಬಂತು. ಕಬ್ಬಿಣದ ಮಂಚ, ಕಂಬಳಿಯಡಿಯಿಂದ ಕಾಣುವ ಅವಳ ಪಾದಗಳು, ಪಕ್ಕದಲ್ಲಿ ಮಾತ್ರೆಯ ಹಾಳೆ ಮತ್ತು ಒಂದು ನೀರಿನ ಬಾಟಲಿ. ದೊಡ್ಡದು ಮಾಡಿ ನೋಡಿದೆ, ಮಾತ್ರೆ ಜ್ವರದ್ದೇ. ಅಷ್ಟು ನೋಡಿದ ಮೇಲೆ ನನಗೆ ನಾಚಿಕೆಯಾಯಿತು. ಸಾರಿ ಎಂದು ಟೈಪ್ ಮಾಡಿ, ಅಳಿಸಿ, ಗಂಜಿ ಕುಡಿ ಎಂದು ಕಳಿಸಿದೆ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ಫೋನು ಕೈಯಿಂದ ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಮೆಸೇಜು ಬರಲಿಲ್ಲ, ಅಂದರೆ ಕ್ಲಾಸಿಗೆ ಹೋಗಿದ್ದಾಳೆ.